ಬೀಳುವುದು ಸುತ್ತಿಗೆಯ ಕೆಲಸ

ನಮ್ಮೂರಲ್ಲಿ ಮಳೆ ಎಲ್ಲರಿಗೂ ಒಂದೇ ಹೊತ್ತಿಗೆ ಬೀಳುವುದಿಲ್ಲ. ಏರು ಬೀದಿಯವರು ಮೋಡ ಕವಿಯಿತು ಅನ್ನುವಷ್ಟರಲ್ಲಿ ಅವರ ಹೆಂಚು ತೂತಾಗಿರುತ್ತದೆ. ಅದೇ ಮೋಡದ ಅದೇ ಮಳೆ ಕೆಳಗಿನ ಹಳ್ಳದ ಬೀದಿಯನ್ನು ಮುಟ್ಟುವ ಹೊತ್ತಿಗೆ ನಾವು ತಂತಿಯ ಮೇಲಿನ ಬಟ್ಟೆ ತೆಗೆದು, ಮಡಿಸಿಟ್ಟು, ಕಾಫಿ ಕುಡಿದು, ಜಗಲಿಯಲ್ಲಿ ಕೂತು ತಲೆ ಎತ್ತಿ ನೋಡುತ್ತಿರುತ್ತೇವೆ. ಹನಿಗಳು ಆಗಷ್ಟೇ ತೆಂಗಿನ ಮರದ ತುದಿಗೆ ಬಂದಿರುತ್ತವೆ. "ಇನ್ನೇನು ಬಂತು" ಅಂತ ಯಾರಾದರೂ ಒಬ್ಬರು ಅನ್ನುತ್ತಾರೆ. ಬಂದಿರುವುದಿಲ್ಲ.

ಏರು ಬೀದಿಯಲ್ಲಿ ವಸ್ತುಗಳು ಕೈ ಬಿಡುವ ಮೊದಲೇ ಬಿದ್ದಿರುತ್ತವೆ. ಹಳ್ಳದ ಬೀದಿಯಲ್ಲಿ ಬಿಟ್ಟ ಮೇಲೂ ಯೋಚನೆ ಮಾಡುತ್ತವೆ. ಹಾಗಾಗಿ ಏರು ಬೀದಿಯ ಮನೆಗಳಲ್ಲಿ ಗೋಡೆಗೆ ಅಟ್ಟಣಿಗೆ ಇಲ್ಲ, ಸಾಮಾನೆಲ್ಲ ನೆಲದ ಮೇಲೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದೇ ಕುಡಿಯುತ್ತಾರೆ, ನೋಡಿದವರಿಗೆ ಬಹಳ ವಿನಯವಂತರು ಅನ್ನಿಸುತ್ತದೆ. ಹಳ್ಳದ ಬೀದಿಯಲ್ಲಿ ಹಾಲಿನವಳು ಪಾತ್ರೆಗೆ ಹಾಲು ಬಗ್ಗಿಸಿ, ಪಕ್ಕದ ಮನೆಯ ಸುದ್ದಿ ಕೇಳಿಕೊಂಡು ಬಂದು, ಆಮೇಲೆ ಪಾತ್ರೆಯನ್ನು ಸರಿಯಾದ ಜಾಗಕ್ಕೆ ಸರಿಸುತ್ತಾಳೆ. ಮಕ್ಕಳ ಮೊಣಕಾಲಿಗೆ ಗಾಯ ಅನ್ನುವುದು ನಮಗೆ ಗೊತ್ತಿಲ್ಲ. ವಯಸ್ಸಾದವರು, ಎಲ್ಲಿ ಬಿದ್ದರೆ ಸೊಂಟ ಮುರಿಯುತ್ತದೋ ಅಂತ ಹೆದರುವವರು, ಮೇಲಿನ ಮನೆ ಬಿಟ್ಟು ಕೆಳಗೆ ಬಾಡಿಗೆಗೆ ಬರುತ್ತಾರೆ. ನಮ್ಮಲ್ಲಿ ಬೀದಿಗೆ ಬೀಳುವುದಕ್ಕೂ ಅರ್ಧ ಗಂಟೆ ಬೇಕು.

ಇಂಥ ಬೀದಿಯಲ್ಲಿ ನನ್ನ ಸೋದರಮಾವ ಮೋನಪ್ಪಾಚಾರ್ ಬೀಗದ ಕಾರ್ಖಾನೆ ನಡೆಸುತ್ತಿದ್ದ. ಕಾರ್ಖಾನೆ ಅಂದರೆ ಒಂದು ಕುಲುಮೆ, ಕಾಯಿಸಿದ ತಗಡನ್ನು ಇಟ್ಟು ಬಡಿಯುವ ನಾಲ್ಕು ಅಡಿಗಲ್ಲು, ಮಾವನೂ ನಾನೂ ಸೇರಿ ಒಂಬತ್ತು ಜನ. ನನ್ನ ಕೆಲಸ ಬೀಗದಕೈಗೆ ಅರ ಹಾಕುವುದು. ಅರ ಅಡ್ಡಡ್ಡ ಓಡುವ ಸಾಧನ, ಅದಕ್ಕೆ ಯಾವ ಬೀದಿಯಾದರೂ ಒಂದೇ. ಆದರೆ ಬೀಗದ ಮೈ ತಟ್ಟುವವರ ಪಾಡು ಬೇರೆ. ಸುತ್ತಿಗೆ ಎತ್ತಿದರೆ ಅದು ಇಳಿಯಲು ಮನಸ್ಸು ಮಾಡುವಷ್ಟರಲ್ಲಿ ಕಾಯಿಸಿದ ತಗಡು ತಣ್ಣಗಾಗಿರುತ್ತಿತ್ತು. ಒತ್ತಿ ಹೊಡೆಯಬಹುದು, ಆದರೆ ಹಾಗೆ ಹೊಡೆದವರ ತೋಳು ಒಂದೇ ವಾರಕ್ಕೆ ಕೆಲಸ ಬಿಡುತ್ತಿತ್ತು. ಮಾವನಿಗಂತೂ ಅದು ಅವಮಾನ. "ಎತ್ತೋದು ನಮ್ಮ ಕೆಲಸ ಕಣೋ, ಬೀಳೋದು ಸುತ್ತಿಗೆ ಕೆಲಸ. ಅದರ ಕೆಲಸಾನೂ ನಾವೇ ಮಾಡಿದ್ರೆ ಅದನ್ನ ಯಾಕೆ ಸಾಕಬೇಕು?" ಅನ್ನುತ್ತಿದ್ದ. ಹೀಗಾಗಿ ಬೀಗ ಮಾಡುತ್ತಿದ್ದೆವೇ ಹೊರತು ಬೀಗುವ ಹಾಗಿರಲಿಲ್ಲ.

ಯಾವ ಕಾರ್ಖಾನೆ ಯಾವ ಬೀದಿಯಲ್ಲಿರಬೇಕು ಅನ್ನುವುದನ್ನು ನಮ್ಮೂರಲ್ಲಿ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಕಚೇರಿಯ ಅಂಗಳದಲ್ಲಿ ಮಡಕೆ ಇಡುತ್ತಾರೆ. ಚೀಟಿಯಲ್ಲಿ ಬಂದ ಬೀದಿಯಲ್ಲಿ ಕಾರ್ಖಾನೆಯ ಬೋರ್ಡು ನೆಟ್ಟರೆ ಮತ್ತೆ ನಾಲ್ಕು ವರ್ಷ ಅದನ್ನು ಕದಲಿಸುವ ಹಾಗಿಲ್ಲ. ಅದಲು ಬದಲು ಇಲ್ಲ, ಅರ್ಜಿ ಇಲ್ಲ. ಮಾವ ಪ್ರತಿ ಸಲವೂ "ನೀವು ಮೊದಲು, ನೀವು ಮೊದಲು" ಅಂತ ಎಲ್ಲರಿಗೂ ದಾರಿ ಬಿಟ್ಟು ಕೊನೆಗೆ ಮಡಕೆಗೆ ಕೈ ಹಾಕುತ್ತಿದ್ದ. ಅಷ್ಟು ಹೊತ್ತಿಗೆ ಮಡಕೆಯ ತಳದಲ್ಲಿ ಹಳ್ಳವೇ ಉಳಿದಿರುತ್ತಿತ್ತು.

ವರ್ಷಕ್ಕೊಮ್ಮೆ ಪೆಟ್ಟಿಗೆ ದಿನ ಬರುತ್ತದೆ. ಒಂದು ತಿಂಗಳು ಮುಂಚೆ ಕಚೇರಿಯ ಗುಮಾಸ್ತ ಪಾಪಣ್ಣ ಪ್ರತಿ ಕಾರ್ಖಾನೆಗೂ ಒಂದು ಖಾಲಿ ಪೆಟ್ಟಿಗೆ ತಂದಿಡುತ್ತಾನೆ. ಆ ತಿಂಗಳಲ್ಲಿ ಮಾಡಿದ ಸಾಮಾನಿನಿಂದ, ಬೋರ್ಡಿನ ಕೆಳಗೇ, ಆಯಾ ಬೀದಿಯ ಮಧ್ಯಾಹ್ನದ ಗಂಟೆ ಬಾರಿಸುವುದರೊಳಗೆ ಅದು ಕಂಠಮಟ್ಟ ತುಂಬಿರಬೇಕು. ಎರಡು ವರ್ಷ ಒಂದೇ ಸಮನೆ ತುಂಬದೇ ಹೋದರೆ ಬೋರ್ಡು ಇಳಿಸುತ್ತಾರೆ. ಆಮೇಲೆ ಆ ಕಾರ್ಖಾನೆಯವರು ಮಡಕೆಗೆ ಕೈ ಹಾಕುವ ಹಾಗಿಲ್ಲ. ನಮ್ಮ ಪೆಟ್ಟಿಗೆಗೆ ಮುನ್ನೂರು ಬೀಗ ಹಿಡಿಯುತ್ತದೆ. ಹೋದ ವರ್ಷ ಇನ್ನೂರ ಹನ್ನೆರಡು ಆಗಿತ್ತು.

ಅದಾದ ಮೇಲೆ ಊರವರಿಗೆ ಚಿಂತೆಯಾಗಿ ಹೊರಗಿನಿಂದ ಅಧ್ಯಯನದವರೊಬ್ಬರನ್ನು ಕರೆಸಿದರು. ಯಾವ ಬೀದಿಯಲ್ಲಿ ಎಷ್ಟು ಉತ್ಪಾದನೆ, ಯಾಕೆ ಹೆಚ್ಚು, ಯಾಕೆ ಕಡಿಮೆ, ತಪ್ಪು ಜಾಗದ್ದೋ ಕಾರ್ಖಾನೆಯದ್ದೋ ಅಂತ ಪತ್ತೆ ಮಾಡುವುದು ಅವರ ಕೆಲಸ. ಅವರು ನಮ್ಮಲ್ಲಿಗೆ ಬಂದು ಮಾವನನ್ನು ಎದುರಿಗೆ ಕೂರಿಸಿಕೊಂಡು ಉದ್ದದ ಫಾರಂ ತೆಗೆದರು.

"ಕಾರ್ಖಾನೆ ಶುರುವಾಗಿ ಎಷ್ಟು ವರ್ಷ?"

"ನಮ್ಮಪ್ಪನ ಕಾಲದ್ದು."

"ಮಾಲೀಕರ ವಿದ್ಯಾಭ್ಯಾಸ?"

"ಬೀಗ."

"ಕಿಟಕಿ ಎಷ್ಟು?"

"ಎರಡು. ಒಂದು ಮುಚ್ಚಲ್ಲ." ಮಾವ ಮುಂದಕ್ಕೆ ಬಾಗಿದ. "ಸ್ವಾಮಿ, ಸುತ್ತಿಗೆ ಇಳಿಯೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅದರಲ್ಲಿ ಕೇಳಿಲ್ವಾ?"

ಅವರು ಫಾರಂ ತಿರುಗಿಸಿ ಮುರುಗಿಸಿ ನೋಡಿದರು. "ಆ ಕಾಲಂ ಇಲ್ಲ" ಅಂದರು. ಆ ಗಡಿಬಿಡಿಯಲ್ಲಿ ಅವರ ಪೆನ್ನು ಜಾರಿತು. ಅದು ನೆಲ ಮುಟ್ಟುವಷ್ಟರಲ್ಲಿ ನಾನು ಅವರನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಟೀ ಕುಡಿಸಿಕೊಂಡು ಬಂದೆ. ವಾಪಸು ಬಂದು ಪೆನ್ನನ್ನು ಮೊಣಕಾಲಿನ ಮಟ್ಟದಲ್ಲಿ ಹಿಡಿದುಕೊಂಡು, ಮುಂದಿನ ಪ್ರಶ್ನೆ ಕೇಳಿದರು.

ಎರಡು ತಿಂಗಳಿಗೆ ವರದಿ ಬಂತು. ಉತ್ಪಾದನೆಗೆ ಜಾಗವೂ ಕಾರಣ, ಕಾರ್ಖಾನೆಯೂ ಕಾರಣ, ಯಾವುದು ಎಷ್ಟು ಅನ್ನುವುದಕ್ಕೆ ಇನ್ನೊಂದು ಅಧ್ಯಯನ ಬೇಕು. ಸದ್ಯಕ್ಕೆ ಹಳ್ಳದ ಬೀದಿಯ ಮಾಲೀಕರಲ್ಲಿ ಉತ್ಸಾಹದ ಕೊರತೆ ಕಂಡುಬಂದಿರುವುದರಿಂದ ಅವರಿಗೆ ಮೂರು ದಿನ ತರಬೇತಿ ಕೊಡತಕ್ಕದ್ದು. ಮಾವ ತರಬೇತಿಗೆ ಹೋದ. ಮೂರನೇ ದಿನದ ಊಟ ಕೆಟ್ಟಿತ್ತು. ತರಬೇತಿಯಿಂದ ಅವನು ತಂದದ್ದು ಬೇದಿಯೊಂದೇ.

ಪೆಟ್ಟಿಗೆ ದಿನಕ್ಕೆ ಒಂದು ತಿಂಗಳು ಇದ್ದಾಗ ಪಾಪಣ್ಣ ಪೆಟ್ಟಿಗೆ ತಂದಿಟ್ಟ. ಪಾಪಣ್ಣ ಕೆಟ್ಟವನಲ್ಲ. ನಿಯಮದಲ್ಲಿ ಬರೆದದ್ದನ್ನು ಬರೆದಷ್ಟೇ ಮಾಡುವ ಮನುಷ್ಯ. "ಈ ಸಲ ತುಂಬಲಿಲ್ಲ ಅಂದ್ರೆ ನಾನೇ ಏಣಿ ಹತ್ತಿ ಬೋರ್ಡು ಬಿಚ್ಚಬೇಕಾಗುತ್ತೆ ಆಚಾರ್ರೇ. ನನಗೆ ಮೊದಲೇ ಏಣಿ ಅಂದ್ರೆ ಆಗಲ್ಲ" ಅಂದ.

"ಇಲ್ಲಿ ಬಿದ್ದರೆ ಏನಾಗಲ್ಲ ಬಿಡಿ ಪಾಪಣ್ಣ" ಅಂದ ಮಾವ. ನಗಲಿಲ್ಲ. ಆ ಬೋರ್ಡಿನ ಅಕ್ಷರಗಳನ್ನು ಅವನ ಅಪ್ಪ ಕಬ್ಬಿಣದಲ್ಲಿ ಕತ್ತರಿಸಿದ್ದರು.

ಅದೇ ವಾರ ಏರು ಬೀದಿಯಿಂದ ಹಲೀಮಾಬಿಯವರು ಇಳಿದು ಬಂದರು. ಅವರದು ಗಾಜಿನ ಬಳೆಯ ಕಾರ್ಖಾನೆ. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದರು. ಕೆಳಗಿನ ಮದುವೆಮನೆಯೊಂದಕ್ಕೆ ಬಳೆ ಕೊಡಬೇಕಿತ್ತು. ಜೊತೆಯಲ್ಲಿದ್ದ ಹೆಂಗಸು ಬುಟ್ಟಿ ಹೊತ್ತಿದ್ದಳು. ನಮ್ಮ ಕಾರ್ಖಾನೆಯ ಮುಂದೆ ಅವಳು ಕಲ್ಲೆಡವಿದಳು, ಬುಟ್ಟಿ ಮಗುಚಿತು. ಹಲೀಮಾಬಿ "ಯಾ ಅಲ್ಲಾ" ಅಂತ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟರು. ಶಬ್ದ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಹಸಿರು ಕೆಂಪು ಬಳೆಗಳು ಎದೆಮಟ್ಟದಲ್ಲಿ ನಿಂತ ಹಾಗೆ ಇಳಿಯುತ್ತಿದ್ದವು. ನಾವು ಮನೆಮನೆಯಿಂದ ಎದ್ದು ಬಂದು ಹೂ ಬಿಡಿಸುವ ಹಾಗೆ ಒಂದೊಂದನ್ನೇ ಬಿಡಿಸಿ ಬುಟ್ಟಿಗೆ ಹಾಕಿದೆವು. ಒಂದೂ ಒಡೆಯಲಿಲ್ಲ.

ಅವರು ಬುಟ್ಟಿ ನೋಡಿದರು, ಗಾಳಿ ನೋಡಿದರು, ಕೊನೆಗೆ ನಮ್ಮ ಜಗಲಿಯಲ್ಲಿ ಕೂತುಬಿಟ್ಟರು.

"ಆಚಾರ್ರೇ, ಮೇಲೆ ನಾನು ಹತ್ತು ಬಳೆ ಮಾಡಿದ್ರೆ ಆರು ಒಡೆಯುತ್ತೆ. ಕಡ್ಡಿಯಿಂದ ಗಾಜು ಎಳೆಯೋದೇ ತಡ, ತೊಟ್ಟಿಕ್ಕಿ ನೆಲ ಸೇರಿರುತ್ತೆ. ಹೋದ ವರ್ಷ ನಂದೂ ಪೆಟ್ಟಿಗೆ ತುಂಬಲಿಲ್ಲ, ಗೊತ್ತಾ?"

"ಏರು ಬೀದಿಯವರಿಗೂ ತುಂಬಲ್ವಾ?" ಅಂತ ಮಾವ ಬೆರಗಾದ. ಅವನ ಮುಖದಲ್ಲಿ ಒಂದು ಗಳಿಗೆ ಸಮಾಧಾನ ಹಾದುಹೋದದ್ದನ್ನು ನಾನು ನೋಡಿದೆ.

"ಹೇಳಿಕೊಳ್ಳೋಕಾಗುತ್ತಾ? ಏರು ಬೀದಿ ವಿಳಾಸ ಅಂತಲೇ ಇಬ್ಬರು ಹೆಣ್ಣುಮಕ್ಕಳಿಗೆ ಒಳ್ಳೇ ಸಂಬಂಧ ಬಂತು."

ನಾನು ಅರ ಕೆಳಗಿಟ್ಟೆ. "ಮಾವ, ಕದಲಿಸಬಾರದು ಅಂತ ಇರೋದು ಬೋರ್ಡು ತಾನೇ? ಜನ ಕದಲಿದ್ರೆ ಏನಂತೆ?"

ಇಬ್ಬರೂ ನನ್ನನ್ನು ನೋಡಿದರು. ಊರಿನ ಹಿರಿಯರು ನಿಯಮ ಬರೆಯುವಾಗ ಬೋರ್ಡು ಎಲ್ಲಿರುತ್ತದೋ ಕಾರ್ಖಾನೆಯೂ ಅಲ್ಲೇ ಇರುತ್ತದೆ ಅಂತ ನಂಬಿಬಿಟ್ಟಿದ್ದರು. ಅಷ್ಟು ವರ್ಷ ನಾವೂ ನಂಬಿದ್ದೆವು.

"ಲೋ ಈರ, ಮಾನ ಇದೆಯೇನೋ?" ಅಂದ ಮಾವ. "ಬಳೆ ಬೋರ್ಡಿನ ಕೆಳಗೆ ಕೂತು ನಾನು ಬೀಗ ತಟ್ಟಬೇಕಾ?"

"ಬೀಗದ ಬೋರ್ಡಿನ ಕೆಳಗೆ ನಾನೇನು ಬಳೆ ಮಾಡಲ್ವಾ?" ಹಲೀಮಾಬಿ ಎದ್ದು ಸೆರಗು ಕೊಡವಿದರು. "ನಿಮಗೆ ಮಾನ ಮುಖ್ಯ ಅಂದ್ರೆ ಬಿಡಿ. ಮುಂದಿನ ತಿಂಗಳು ಪಾಪಣ್ಣ ಏಣಿ ತಂದಾಗ ಆ ಏಣೀನ ನಾನೇ ಹಿಡ್ಕೊತೀನಿ. ಆಮೇಲೆ ಅವರು ನನ್ನ ಮನೆಗೆ ತಂದಾಗ ನೀವು ಬಂದು ಹಿಡ್ಕೊಳ್ಳಿ."

ಎತ್ತಿದ ಸುತ್ತಿಗೆ ಮಾವನ ಕೈಯಲ್ಲೇ ಇತ್ತು, ಬಿಟ್ಟ. ಅದು ಅಡಿಗಲ್ಲಿನ ಮೇಲೆ ಬಂದು ಕೂರುವ ಹೊತ್ತಿಗೆ ಅವನು ಒಪ್ಪಿದ್ದ.

ಮಾರನೆಯ ದಿನ ಬೆಳಿಗ್ಗೆ ಎಂಟು ಜನ ಸುತ್ತಿಗೆ, ಚಿಮಟ, ಅಡಿಗಲ್ಲುಗಳನ್ನು ಹೊತ್ತು ಏರು ಬೀದಿಗೆ ಹತ್ತಿದರು. ಹತ್ತುತ್ತಾ ಹತ್ತುತ್ತಾ ಅಡಿಗಲ್ಲು ಭಾರವಾಗಿ ನಾಲ್ಕು ಸಲ ಕೂತರಂತೆ. ಹಲೀಮಾಬಿಯವರ ಹನ್ನೊಂದು ಹೆಂಗಸರು ಗಾಜಿನ ಕಡ್ಡಿಗಳ ಕಟ್ಟು ಹಿಡಿದು ಕೆಳಗೆ ಬಂದರು. ಅರಕ್ಕೆ ಬೀದಿಯ ಹಂಗಿಲ್ಲವಲ್ಲ, ನಾನು ಹಳೆಯ ಜಾಗದಲ್ಲೇ ಉಳಿದೆ. ಬೀಗದ ಬೋರ್ಡಿನ ಕೆಳಗೆ ಬೀಗಕ್ಕೆ ಸಂಬಂಧಪಟ್ಟವನು ಒಬ್ಬನಾದರೂ ಕಾಣಬೇಕಿತ್ತು.

ಮೇಲಿನ ಸುದ್ದಿ ದಿನವೂ ಬರುತ್ತಿತ್ತು. ಸುತ್ತಿಗೆ ಎತ್ತುವುದು ಕಷ್ಟ, ಮೊದಲ ದಿನ ಎಲ್ಲರ ಭುಜವೂ ಊದಿಕೊಂಡಿತ್ತು. ಆದರೆ ಎತ್ತಿದ್ದು ಬಿದ್ದರೆ ಒಂದೇ ಏಟಿಗೆ ತಗಡು ಹೇಳಿದ ಮಾತು ಕೇಳುತ್ತಿತ್ತು. ಮೊದಲ ವಾರಕ್ಕೆ ಎಪ್ಪತ್ತು ಬೀಗ. ನನ್ನ ಅರ ಬೀಗದಕೈಗಳಿಗೆ ಸಾಲದೆ ರಾಗಿಮುದ್ದೆ ನುಂಗುವ ಹೊತ್ತಿನಲ್ಲೂ ಓಡಬೇಕಾಯಿತು. ಕೆಳಗೆ ನನ್ನ ಸುತ್ತ ಬೇರೆಯೇ ನೋಟ. ಕರಗಿದ ಗಾಜು ಕಡ್ಡಿಯ ತುದಿಯಲ್ಲಿ ಜೇನಿನ ಹಾಗೆ ತೂಗಾಡುತ್ತ ಕಾಯುತ್ತಿತ್ತು. ಹೆಂಗಸರು ಅದನ್ನು ಸುತ್ತಿ, ಹಾಡಿ, ಪರಸ್ಪರ ಅತ್ತೆಯರನ್ನು ಬೈದು, ಮತ್ತೆ ಸುತ್ತುತ್ತಿದ್ದರು. ಕೈತಪ್ಪಿದ ಬಳೆಯನ್ನು ಎತ್ತಿಕೊಳ್ಳಲು ಯಾರೂ ಅವಸರದಿಂದ ಏಳುತ್ತಿರಲಿಲ್ಲ.

ತಿಂಗಳ ಮಧ್ಯದಲ್ಲಿ ಪಾಪಣ್ಣ ಬಂದ. ಒಳಗೆ ಇಣುಕಿದ. ಹನ್ನೊಂದು ಹೆಂಗಸರು ಅವನನ್ನು ನೋಡಿದರು.

"ಇವರೆಲ್ಲಾ ಯಾರು ಈರಾಚಾರಿ?"

"ನೆಂಟರು."

"ಎಲ್ಲರೂ ಒಟ್ಟಿಗೆ ಬಂದವ್ರೆ?"

"ಹಬ್ಬ ಹತ್ರ ಬಂತಲ್ಲ ಪಾಪಣ್ಣ."

ಯಾವ ಹಬ್ಬ ಅಂತ ಅವನು ಕೇಳಲಿಲ್ಲ. ಹೊರಗೆ ಬಂದು ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಅದು ಇದ್ದಲ್ಲೇ ಇತ್ತು. "ಬೋರ್ಡು ಸರಿ ಇದೆ" ಅಂತ ಗಟ್ಟಿಯಾಗಿ ಹೇಳಿಕೊಂಡು ಹೋದ. ಯಾರಿಗೆ ಹೇಳಿದ ಅನ್ನುವುದು ನನಗೆ ಆಗ ತಿಳಿಯಲಿಲ್ಲ.

ನಾವು ಹಾಕಿಕೊಂಡ ಉಪಾಯ ಸರಳವಾಗಿತ್ತು. ಪೆಟ್ಟಿಗೆ ದಿನ ಬೆಳಿಗ್ಗೆ ಬಳೆಗಳು ಮೇಲಕ್ಕೆ, ಬೀಗಗಳು ಕೆಳಕ್ಕೆ. ಬೀಗ ಹೇರಿಕೊಂಡು ಸುತ್ತು ದಾರಿಯಲ್ಲಿ ಇಳಿಯಲು ಎತ್ತಿನ ಗಾಡಿ, ಗೋಣಿಚೀಲ ಎಲ್ಲ ಮೇಲೆ ಸಿದ್ಧವಿತ್ತು. ಪೆಟ್ಟಿಗೆ ತುಂಬುವಷ್ಟು ಬಳೆ ಹೊತ್ತು ಏರು ಬೀದಿಗೆ ಕಾಲಿಟ್ಟರೆ ಹೆಜ್ಜೆಯ ಕುಲುಕಾಟದಲ್ಲಿ ಬುಟ್ಟಿಯ ತಳದ ಬಳೆ ಮೇಲಿನ ಬಳೆಯ ಭಾರಕ್ಕೇ ಪುಡಿಯಾಗುತ್ತದೆ. ಅದಕ್ಕೆ ಹಲೀಮಾಬಿಯವರ ಹನ್ನೊಂದು ಜನ, ಜೊತೆಗೆ ನಮ್ಮ ಬೀದಿಯ ಹೆಂಗಸರೆಲ್ಲ, ಮಣಿಕಟ್ಟಿನಿಂದ ಭುಜದ ತನಕ ಬಳೆ ತೊಟ್ಟು, ಕೈ ಮಡಿಸದೆ ಗೊಂಬೆಗಳ ಹಾಗೆ ಮೆಟ್ಟಿಲು ಹತ್ತಿದರು.

ಹತ್ತಿ ನೋಡಿದರೆ ಬಳೆ ಕಾರ್ಖಾನೆಯ ಮುಂಬಾಗಿಲಲ್ಲಿ ಅಧ್ಯಯನದವರು ಕೂತಿದ್ದಾರೆ. ಎರಡನೆಯ ಅಧ್ಯಯನ ಮಂಜೂರಾಗಿ ಬೆಳ್ಳಂಬೆಳಿಗ್ಗೆ ಬಂದುಬಿಟ್ಟಿದ್ದರು. ಕೂತದ್ದು ಬೀಗ ಸಾಗಿಸಲೆಂದು ಅಡುಕಿದ್ದ ಗೋಣಿಚೀಲಗಳ ಮೇಲೆಯೇ. ಅವರ ಮಗ್ಗುಲಲ್ಲೇ ಗಾಡಿ. ಮಾವನೂ ಏಳು ಜನರೂ ಮುನ್ನೂರು ಬೀಗದ ಸಮೇತ ಹಿತ್ತಲಲ್ಲಿ ಉಸಿರು ಬಿಗಿಹಿಡಿದು ಅಡಗಿದ್ದರು. ಹೆಂಗಸರು ಒಬ್ಬೊಬ್ಬರಾಗಿ ತುಂಬಿದ ತೋಳಲ್ಲಿ ಒಳಗೆ ಹೋದರು, ಬರಿದಾದ ತೋಳಲ್ಲಿ ಹೊರಗೆ ಬಂದರು, ಬಳೆಯ ಪೆಟ್ಟಿಗೆ ತುಂಬಿತು. ಅಧ್ಯಯನದವರು ತಲೆ ಎತ್ತಲಿಲ್ಲ. ಫಾರಂನಲ್ಲಿ ತೋಳಿನ ಕಾಲಂ ಇರಲಿಲ್ಲ. ಹಲೀಮಾಬಿ ಅವರಿಗೆ ಟೀ ಕೊಟ್ಟರು, ಕಿಟಕಿ ಎಣಿಸಿ ತೋರಿಸಿದರು, ಮತ್ತೆ ಟೀ ಕೊಟ್ಟರು. ಅವರು ಏಳಲಿಲ್ಲ.

ಹೊರಬರುವ ಹೆಂಗಸರು ಬೀಗ ತರಲು ನೋಡದೆ ಇರಲಿಲ್ಲ. ಮೊದಲನೆಯವಳು ಮಡಿಲಿಗೆ ಎರಡು ಬೀಗ ಕಟ್ಟಿಕೊಂಡಳು, ಏರು ಬೀದಿಯ ಭಾರಕ್ಕೆ ಸೀರೆ ಹರಿಯಿತು. ಅವಳೇ ಓಡಿ ಬಂದು ನನಗೆ ಸುದ್ದಿ ಮುಟ್ಟಿಸಿದಳು. ನಮ್ಮ ಬೋರ್ಡಿನ ಕೆಳಗೆ ಖಾಲಿ ಪೆಟ್ಟಿಗೆ, ಅದರ ಪಕ್ಕ ಪಾಪಣ್ಣ, ಅವನ ಪಕ್ಕ ಗೋಡೆಗೆ ಒರಗಿಸಿದ ಏಣಿ. ಹನ್ನೆರಡಾಗಲು ಕಾಲು ಗಂಟೆ ಇತ್ತು.

"ಪೆಟ್ಟಿಗೆ ಖಾಲಿ ಇದೆಯಲ್ಲ ಈರಾಚಾರಿ?"

"ತುಂಬುತ್ತೆ ಪಾಪಣ್ಣ."

"ಎಲ್ಲಿಂದ?"

ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಹಾಲಿನವಳು "ಅಯ್ಯೋ, ಅಲ್ಲಿ ನೋಡ್ರಪ್ಪೋ" ಅಂತ ಕೂಗಿ ಮೇಲೆ ಕೈ ತೋರಿಸಿದಳು.

ಬಳೆ ಕಾರ್ಖಾನೆಯ ಹಿತ್ತಲು ನಮ್ಮ ಬೀದಿಯ ನೆತ್ತಿಯ ಮೇಲೆಯೇ, ಕಡಿದಾದ ಬಂಡೆಯ ತುದಿಯಲ್ಲಿದೆ, ಆ ದಡದಲ್ಲಿ ಮಾವ ನಿಂತಿದ್ದ. ಕೈಯಲ್ಲಿ ಒಂದು ಬೀಗ ಹಿಡಿದಿದ್ದ. ಜೀವಮಾನದಲ್ಲಿ ಅವನು ಒಂದು ಬೀಗವನ್ನೂ ಎಸೆದವನಲ್ಲ. ಗಿರಾಕಿಯ ಕೈಗೆ ಕೊಡುವಾಗಲೂ ಕೆಳಗೆ ಇನ್ನೊಂದು ಕೈ ಹಿಡಿಯುತ್ತಿದ್ದ. ಅವನು ಬೀಗವನ್ನು ಹಣೆಗೆ ಒತ್ತಿಕೊಂಡು ಬಿಟ್ಟ. ಆಮೇಲೆ ಎಂಟು ಜನರೂ ಬಿಡತೊಡಗಿದರು.

ಬೀಗಗಳು ಬಂಡೆಯ ಪಕ್ಕದಲ್ಲಿ ಸಿಡಿಗುಂಡಿನ ಹಾಗೆ ಬಂದವು. ತೆಂಗಿನ ತಲೆಯ ಮಟ್ಟಕ್ಕೆ ಬಂದವು, ನಿಧಾನವಾದವು, ಯೋಚನೆ ಮಾಡತೊಡಗಿದವು. ನೋಡನೋಡುತ್ತ ನಮ್ಮ ಬೀದಿಯ ಮೇಲೆ ಮುನ್ನೂರು ಬೀಗಗಳ ಮೋಡ ಕವಿಯಿತು. ನೆರಳು ಬಿತ್ತು. ಒಬ್ಬ ಮುದುಕಿ ಅಭ್ಯಾಸಬಲದಿಂದ ಬಟ್ಟೆ ತೆಗೆಯಲು ಓಡಿದಳು.

"ಹತ್ತ್ರೋ" ಅಂತ ನಾನು ಕೂಗಿದೆ. ಜನ ಹೆಂಚಿನ ಮೇಲೆ ಹತ್ತಿದರು, ಮರ ಹತ್ತಿದರು, ಪಾಪಣ್ಣನ ಏಣಿಯನ್ನೇ ಎಳೆದುಕೊಂಡು ಹತ್ತಿದರು. ಕೈಗೆ ಸಿಕ್ಕಿದ್ದನ್ನು ಬಿಡಿಸಿ ಬಿಡಿಸಿ ಕೆಳಗೆ ದಾಟಿಸಿದರು. ಮೊರದಲ್ಲಿ ಹಿಡಿದರು, ಸೆರಗಲ್ಲಿ ಹಿಡಿದರು. ನಾನು ಪೆಟ್ಟಿಗೆಗೆ ಜೋಡಿಸುತ್ತಾ ಹೋದೆ. ಇನ್ನೂರು ದಾಟಿತು. ಉಳಿದವು ಮೇಲೆ ಯಾರ ಕೈಗೂ ಎಟುಕದೆ ತಮ್ಮ ಪಾಡಿಗೆ ತಾವು ಇಳಿಯುತ್ತಿದ್ದವು. ದಡದ ಮೇಲಿದ್ದ ಮಾವ ಈಗ ಏನೂ ಮಾಡುವ ಹಾಗಿರಲಿಲ್ಲ.

ಪಾಪಣ್ಣ ಗಡಿಯಾರ ನೋಡಿದ. "ಹನ್ನೆರಡಾಯ್ತು" ಅಂದ.

"ಪಾಪಣ್ಣ, ಒಂದು ಗಳಿಗೆ—"

"ನಿಯಮ ಅಂದ್ರೆ ನಿಯಮ ಈರಾಚಾರಿ. ಹನ್ನೆರಡಕ್ಕೆ ನಾನು ಕೊಡತಿ ಎತ್ತಲೇಬೇಕು." ಅವನು ನಮ್ಮ ಬೀದಿಯ ಕಂಚಿನ ಗಂಟೆಯ ಪಕ್ಕ ಹೋಗಿ, ಅದರ ನೇರಕ್ಕೆ ಮರದ ಕೊಡತಿಯನ್ನು ತಲೆಯ ಮೇಲಕ್ಕೆ, ಕೈ ಎಟುಕುವಷ್ಟು ಮೇಲಕ್ಕೆ, ತುದಿಗಾಲಲ್ಲಿ ನಿಂತು ಎತ್ತಿದ. ಎತ್ತಿ, ಬಿಟ್ಟ.

ಕೊಡತಿ ಹೊರಟಿತು. ಬೀಗಗಳೂ ಬರುತ್ತಿದ್ದವು. ಇಡೀ ಬೀದಿ ಒಮ್ಮೆ ಕೊಡತಿಯ ಕಡೆ, ಒಮ್ಮೆ ಆಕಾಶದ ಕಡೆ ಕತ್ತು ತಿರುಗಿಸುತ್ತಿತ್ತು. ಇನ್ನೂರ ನಲವತ್ತು. ಇನ್ನೂರ ಅರವತ್ತು. ಸಮಯ ಕಳೆಯಲೆಂದು ಪಾಪಣ್ಣ ಎಲೆಅಡಿಕೆ ತೆಗೆದ.

ಆ ಹೊತ್ತಿಗೆ ಕಿಟಕಿಗಳ ಲೆಕ್ಕ ಮುಗಿಸಿ ಅಧ್ಯಯನದವರು ಮೆಟ್ಟಿಲಿಳಿದು ಬಂದರು. ಗಾಳಿಯಲ್ಲಿ ನಿಂತ ಬೀಗಗಳನ್ನು ನೋಡಿ ಟೋಪಿ ತೆಗೆದರು. ಆಮೇಲೆ ಕೊಡತಿ ನೋಡಿದರು. "ಏನ್ರೀ ಗುಮಾಸ್ತರೇ, ಗಂಟೆ ಹೊಡೀಬಾರದಾ? ಹನ್ನೆರಡು ಯಾವಾಗ್ಲೋ ಆಯ್ತಲ್ಲ. ಒತ್ತಿ ಹೊಡೀರಿ."

ಪಾಪಣ್ಣ ಎಲೆಗೆ ಸುಣ್ಣ ಸವರಿ, ನಿಧಾನವಾಗಿ ಮಡಿಸಿದ. "ಎತ್ತೋದು ನನ್ನ ಕೆಲಸ ಸ್ವಾಮಿ, ಎತ್ತಿದ್ದೀನಿ. ಬೀಳೋದು ಅದರ ಕೆಲಸ" ಅಂದ. ಹೇಳುವಾಗ ಅವನು ದಡದ ಮೇಲೆ ನಿಂತಿದ್ದ ಮಾವನ ಕಡೆ ನೋಡಲಿಲ್ಲ. ನಮ್ಮ ಕುಲುಮೆಯ ಮುಂದೆ ಅವನು ಎಷ್ಟು ವರ್ಷ ಕೂತು ಹರಟೆ ಹೊಡೆದಿದ್ದ ಅನ್ನುವುದು ನನಗೆ ಆಗ ನೆನಪಾಯಿತು.

ಇನ್ನೂರ ತೊಂಬತ್ತೆಂಟು. ಇನ್ನೂರ ತೊಂಬತ್ತೊಂಬತ್ತು. ಕೊನೆಯದು ಮಾವ ಹಣೆಗೊತ್ತಿಕೊಂಡು ಬಿಟ್ಟ ಮೊದಲನೆಯ ಬೀಗ. ತೆಂಗಿನ ಗರಿಗೆ ಸಿಕ್ಕಿಕೊಂಡು ಹಿಂದುಳಿದಿತ್ತು. ಅದು ನನ್ನ ಕೈಗೆ ಬಂದು ಕೂತಿತು. ಪೆಟ್ಟಿಗೆಯ ಮೂಲೆಯಲ್ಲಿ ಒಂದೇ ಒಂದು ಬೀಗದಷ್ಟು ಜಾಗ ಉಳಿದಿತ್ತು. ಇಟ್ಟೆ. ಗಂಟೆ ಢಣ್ ಅಂದಿತು.

ಪಾಪಣ್ಣ ಪೆಟ್ಟಿಗೆಯ ಮೇಲೆ ಕೈ ಆಡಿಸಿ, ಕಂಠಮಟ್ಟ ಅಂತ ಬರೆದುಕೊಂಡು, ಏಣಿ ಹೆಗಲಿಗೇರಿಸಿ ಹೋದ.

ಎರಡನೆಯ ವರದಿಯೂ ಬಂತು. ತರಬೇತಿಯಿಂದ ಹಳ್ಳದ ಬೀದಿಯ ಮಾಲೀಕರಲ್ಲಿ ಉತ್ಸಾಹ ಗಣನೀಯವಾಗಿ ಏರಿದೆಯಂತೆ. ಮಾವ ಅದನ್ನು ಏರು ಬೀದಿಯಲ್ಲಿ, ಬಳೆಯ ಬೋರ್ಡಿನ ಕೆಳಗೆ ಕೂತು ಓದಿಸಿಕೊಂಡ. ಅವನು ಈಗ ದಿನಾ ಅಲ್ಲಿಗೇ ಹತ್ತುತ್ತಾನೆ, ಹಲೀಮಾಬಿ ದಿನಾ ಇಲ್ಲಿಗೇ ಇಳಿಯುತ್ತಾರೆ. ದಾರಿಯ ನಡುವಿನ ಮೆಟ್ಟಿಲಲ್ಲಿ ಇಬ್ಬರೂ ಎದುರಾದಾಗ ಮಾವ ಪಕ್ಕಕ್ಕೆ ಸರಿದು "ನೀವು ಮೊದಲು" ಅನ್ನುತ್ತಾನೆ. ಮುಂದಿನ ವರ್ಷ ಮತ್ತೆ ಮಡಕೆ ಇಡುತ್ತಾರೆ. ಹಲೀಮಾಬಿ ಈಗಲೇ ಹೇಳಿದ್ದಾರೆ, "ಆಚಾರ್ರೇ, ಈ ಸಲ ಎಲ್ಲರಿಗಿಂತ ಕೊನೆಗೆ ಕೈ ಹಾಕೋದು ನಾನು. ಹಳ್ಳ ನನಗಿರಲಿ, ಮರ್ಯಾದೆಯಾಗಿ ಮುಂದೆ ಹೋಗಿ." ಮಾವ ತಲೆ ಆಡಿಸಿದ್ದಾನೆ. ಆದರೆ ಅಂಗಳದಲ್ಲಿ ನಾಲ್ಕು ಜನರ ಎದುರು ಅವನ ಕಾಲು ಮುಂದೆ ಬರುತ್ತದೆ ಅನ್ನುವ ನಂಬಿಕೆ ನನಗಿಲ್ಲ, ಆ ದಿನ ಬೆನ್ನ ಹಿಂದೆ ನಿಂತು ತಳ್ಳುವ ಕೆಲಸ ನನ್ನದು.